ಅರ್ಧ ಓದಿದ ಕಾಗದ

ನನ್ನ ಎದೆಯೊಳಗೆ ಒಂದು ಗುಂಡು ಇದೆ. ಬಂದೂಕಿನದಲ್ಲ, ಗಾಬರಿಯಾಗಬೇಡಿ. ಸಣ್ಣ ನೆಲ್ಲಿಕಾಯಿಯಷ್ಟಿದೆ. ಲೋಹದ ಪುಟ್ಟ ಪಂಜರದಲ್ಲಿ ಕೂತು, ಹೃದಯ ಬಡಿದಾಗಲೆಲ್ಲ ಮೇಲೆ ಹಾರಿ ಕೆಳಗೆ ಬಿದ್ದು ಟಿಕ್ ಅನ್ನುತ್ತದೆ. ಊರಿನ ಮಕ್ಕಳಿಗೆ ನಾನು ಗಡಿಯಾರ ಮಾಮಾ. ಚರ್ಚಿನಲ್ಲಿ ಎಲ್ಲರೂ ಮೊಣಕಾಲೂರಿ ಕಣ್ಣು ಮುಚ್ಚಿದಾಗ ನನ್ನ ಸದ್ದು ಹಿಂದಿನ ಸಾಲಿಗೂ ಕೇಳಿಸುತ್ತದೆ. ಹೊಸದಾಗಿ ಬಂದ ಪಾದ್ರಿಯೊಬ್ಬರು ಪ್ರಾರ್ಥನೆ ನಿಲ್ಲಿಸಿ, ಅದು ಯಾರ ಕೈಗಡಿಯಾರ, ಬಿಚ್ಚಿ ಹೊರಗಿಟ್ಟು ಬನ್ನಿ ಅಂದಿದ್ದರು. ಜನ ನಕ್ಕರು, ನಾನೂ ನಕ್ಕೆ.

ಆ ಸದ್ದಿಗೆ ನಾನು ಯಾವತ್ತೂ ನಾಚಿದವನಲ್ಲ. ನಾಚಬೇಕಾದದ್ದು ಬೇರೆ ಇದೆ. ಹನ್ನೊಂದು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟ ಮಾಡಿದ್ದೇನೆ, ನಿದ್ದೆಯನ್ನೂ ಮಾಡಿದ್ದೇನೆ. ಈಗ ಹೇಳುವುದರಿಂದ ದೊಡ್ಡವನಾಗುತ್ತೇನೆಂಬ ಭ್ರಮೆ ನನಗಿಲ್ಲ.

ನನ್ನ ಹೆಸರು ಕಾಯತಾನ. ಸಿದ್ದಿ ಜನ ನಾವು. ಹಳಿಯಾಳದಿಂದ ಆರು ಮೈಲಿ ದೂರ, ಕಾಡಿನ ಅಂಚಿನಲ್ಲಿ ನಮ್ಮ ವಾಡೆ, ಅಂದರೆ ಸಣ್ಣ ಕೇರಿ. ಹದಿನಾಲ್ಕು ಮನೆಗಳಲ್ಲಿ ಒಂಬತ್ತು ಕ್ರೈಸ್ತರದು, ಐದು ಮುಸ್ಲಿಮರದು. ಗೋಡೆಯ ಮೇಲಿನ ಪಟಗಳು ಬೇರೆ ಬೇರೆ, ಸತ್ತ ಹಿರಿಯರು ಮಾತ್ರ ಎಲ್ಲರಿಗೂ ಒಂದೇ. ಮಿಶನ್ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ, ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲವನು ವಾಡೆಯಲ್ಲಿ ನಾನೊಬ್ಬನೇ. ಅದೊಂದು ಜಂಬ ಇತ್ತು ನನಗೆ. ಆ ಜಂಬವೇ ಮುಂದೆ ನನ್ನ ಕೈಗೆ ಆಯುಧ ಕೊಟ್ಟಿತು.

ಸಣ್ಣವನಿದ್ದಾಗ ಕೀಲು ಬಾತು ಜ್ವರ ಬಂದಿತ್ತಂತೆ. ಆ ಜ್ವರ ಹೃದಯದ ಬಾಗಿಲನ್ನು ತಿಂದುಹಾಕಿತ್ತು ಎಂದು ಗೊತ್ತಾದದ್ದು ನನ್ನ ನಲವತ್ತಾರನೆಯ ವಯಸ್ಸಿನಲ್ಲಿ. ಮನೆಯಿಂದ ಬಾವಿಗೆ ಹೋಗಿಬರಲು ಎರಡು ಸಲ ಕೂರಬೇಕಾಗುತ್ತಿತ್ತು. ನಮ್ಮ ಹಳೆಯ ಪಾದ್ರಿಗಳು ಎಲ್ಲೆಲ್ಲೋ ಕಾಗದ ಬರೆದು, ಮದ್ರಾಸಿನ ಕಡೆಯ ಒಂದು ಮಿಶನ್ ಆಸ್ಪತ್ರೆಯಲ್ಲಿ ಎದೆ ಕೊಯ್ದು ಹೊಸ ಬಾಗಿಲು ಕೂರಿಸುವ ವ್ಯವಸ್ಥೆ ಮಾಡಿದರು. ಎಪ್ಪತ್ಮೂರನೆಯ ಇಸವಿಯ ಕೊನೆ ಅದು. ಆಸ್ಪತ್ರೆಯವರದು ಒಂದೇ ಕರಾರು, ರಕ್ತ ಕೊಡುವ ಏಳು ಜನರನ್ನು ಜೊತೆಗೆ ಕರೆತರಬೇಕು.

ವಾಡೆಯಲ್ಲಿ ಯಾರೂ ರಕ್ತ ಕೊಟ್ಟವರಲ್ಲ. ಕೊಟ್ಟ ರಕ್ತ ತಿರುಗಿ ಬರುವುದಿಲ್ಲ ಎಂದು ಹೆದರಿ ಎಲ್ಲರೂ ನೆಲ ನೋಡುತ್ತಿದ್ದಾಗ ಮೊದಲು ಎದ್ದವನು ನಬಿಸಾಬ. ನನ್ನ ವಾರಿಗೆಯವನು. ನಮ್ಮಿಬ್ಬರ ಗದ್ದೆಗಳ ನಡುವೆ ಇದ್ದದ್ದು ಒಂದೇ ಬದು.

"ಬಾವ್ಯಾಗಿನ ನೀರು ಸೇದಿದ್ರ ಬಾವಿ ಬತ್ತತೈತೇನು? ಮತ್ತ ತುಂಬತೈತಿ," ಅಂದ. "ನಡೀರಿ, ನಾ ಬರ್ತೇನಿ."

ಅವನ ಹಿಂದೆ ಆರು ಜನ ಎದ್ದರು. ಅಳ್ನಾವರದಲ್ಲಿ ರೈಲು ಹತ್ತಿದ ಅವರ ಪೈಕಿ ಧಾರವಾಡ ದಾಟಿ ನೋಡಿದವನು ಒಬ್ಬನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ನನ್ನ ರಕ್ತಕ್ಕೆ ಸರಿಯಾಗಿ ಹೊಂದಿದ್ದು ನಬಿಯದು. ಅಂದಿನಿಂದ ನನಗೆ ಎಲ್ಲಿ ಗಾಯವಾದರೂ ಅವನದು ಒಂದೇ ಚೇಷ್ಟೆಯ ಮಾತು. ರಕ್ತ ಹೆಪ್ಪುಗಟ್ಟದಂತೆ ನಾನು ದಿನಾ ಗುಳಿಗೆ ನುಂಗಬೇಕು, ಹಾಗಾಗಿ ಸಣ್ಣ ಮುಳ್ಳು ಚುಚ್ಚಿದರೂ ರಕ್ತ ಸೋರುತ್ತಲೇ ಇರುತ್ತದೆ. ನಬಿ ಓಡಿ ಬಂದು ಹೆಬ್ಬೆರಳಿನಿಂದ ಗಾಯ ಒತ್ತಿ ಹಿಡಿದು, "ಹಗೂರ ಮಾರಾಯಾ, ನಂದ ರಕ್ತ ಅದು," ಅನ್ನುತ್ತಿದ್ದ. ಸುತ್ತ ಇದ್ದವರೆಲ್ಲ ನಗುತ್ತಿದ್ದರು.

ಇನ್ನು ಆ ಕಾಗದದ ವಿಷಯ.

ನಮ್ಮಲ್ಲಿ ಭತ್ತದ ನಾಟಿ ನಡೆಯುವುದು ಮುಯ್ಯಿಯ ಮೇಲೆ. ಇವತ್ತು ನನ್ನ ಗದ್ದೆಗೆ ನಿಮ್ಮ ಮನೆಯಿಂದ ಎರಡು ಆಳು ಬಂದರೆ ನಾಳೆ ನಿಮ್ಮ ಗದ್ದೆಗೆ ನನ್ನ ಮನೆಯಿಂದ ಎರಡು ಆಳು. ಹೋಗದವನ ಗದ್ದೆಗೆ ಯಾರೂ ಇಳಿಯುವುದಿಲ್ಲ. ಕಾಯಿಲೆಯವನಿಗೆ ಮಾತ್ರ ಮಾಫಿ. ಅವನಿಂದ ಮುಯ್ಯಿ ಕೇಳುವಂತಿಲ್ಲ. ಅಷ್ಟೇ ಅಲ್ಲ, ಎಲ್ಲರಿಗಿಂತ ಮೊದಲು ಅವನ ಗದ್ದೆಯ ನಾಟಿ ಆಗಬೇಕು. ಹಿರಿಯರು ಹಾಕಿಕೊಟ್ಟ ಪದ್ಧತಿ, ಮೀರಿದವರಿಲ್ಲ.

ಆಪರೇಶನ್ ಆಗಿ ಆರು ತಿಂಗಳಿಗೆ ನಾನು ತಪಾಸಣೆಗೆ ಹೋಗಿ ಬಂದೆ. ದೊಡ್ಡ ಡಾಕ್ಟರರು ಇಂಗ್ಲಿಷಿನಲ್ಲಿ ಒಂದು ಕಾಗದ ಬರೆದು ಕೊಟ್ಟಿದ್ದರು. ಮಳೆ ಹಿಡಿಯಲು ಇನ್ನೊಂದು ವಾರವಿತ್ತು. ಬಂದ ಮರುದಿನ ಬೆಳಿಗ್ಗೆ, ನೋಡೋಣವೆಂದು ಹಿತ್ತಲಲ್ಲಿ ಗುದ್ದಲಿ ಹಿಡಿದೆ. ಐದು ಏಟು ಹಾಕಿದ್ದೇ ಎದೆಯ ಗುಂಡು ಓಟ ಕಿತ್ತಿತು. ಟಿಕ್ ಟಿಕ್ ಟಿಕ್ ಎಂದು ಒಂದರ ಮೇಲೊಂದು ಬಿದ್ದ ಹಾಗೆ. ಪಂಜರ ಮುರಿದು ಗುಂಡು ಹೊರಗೆ ಹಾರುತ್ತದೆ ಅನ್ನಿಸಿ, ಗುದ್ದಲಿ ಅಲ್ಲೇ ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಅಷ್ಟು ಹೆದರಿದ್ದು ಅದೇ ಮೊದಲು. ಆ ಹೆದರಿಕೆ ಸುಳ್ಳಲ್ಲ, ಇದನ್ನು ಮಾತ್ರ ನಂಬಿ.

ಸಂಜೆ ವಾಡೆಯೆಲ್ಲ ನಮ್ಮ ಅಂಗಳದಲ್ಲಿ ಸೇರಿತು, ಡಾಕ್ಟರರು ಏನು ಬರೆದಿದ್ದಾರೆ ಎಂದು ಕೇಳಲು. ಕಾಗದ ಬಿಚ್ಚಿದೆ. ಕಡೆಗೆ ಎರಡು ಸಾಲಿದ್ದವು. ಒಂದು, ಹರಿತವಾದ ಆಯುಧ ಬಳಸುವಾಗ ಎಚ್ಚರವಿರಬೇಕು, ರಕ್ತ ಬೇಗ ನಿಲ್ಲುವುದಿಲ್ಲ. ಎರಡು, ರೋಗಿ ಇನ್ನು ತನ್ನ ಎಂದಿನ ಹೊಲದ ಕೆಲಸಕ್ಕೆ ಮರಳಬಹುದು, ಮರಳಿದರೆ ದೇಹಕ್ಕೆ ಒಳ್ಳೆಯದು. ಮೊದಲನೆಯ ಸಾಲನ್ನು ದೊಡ್ಡ ದನಿಯಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಎರಡನೆಯದಕ್ಕೆ ಬಂದಾಗ ಬೆಳಗಿನ ಗುದ್ದಲಿ ನೆನಪಾಗಿ, ಕಾಗದ ಮಡಿಚಿದೆ.

"ಮುಂದ?" ಅಂದ ನಬಿ.

"ಇಷ್ಟ," ಅಂದೆ. "ಕುಡಗೋಲು, ಸಲಿಕಿ, ಗುದ್ದಲಿ ಏನೂ ಮುಟ್ಟಬಾರದಂತ. ಕೆಸರಿಗಿ ಇಳೀಬಾರದಂತ."

ಕೆಸರಿನ ಮಾತು ಕಾಗದದಲ್ಲಿ ಎಲ್ಲೂ ಇರಲಿಲ್ಲ. ಅದನ್ನು ನಾನೇ ಹುಟ್ಟಿಸಿದೆ. ಒಂದು ಸಾಲು ನುಂಗಿದವನಿಗೆ ಇನ್ನೊಂದು ಸಾಲು ಹುಟ್ಟಿಸುವುದು ಏನು ಕಷ್ಟ?

"ಆತಲ್ಲ, ನೀ ಬದುಕಿ ಬಂದೀಯಲ್ಲ, ಅಷ್ಟ ಸಾಕು," ಅಂದ ನಬಿ. ಮಳೆ ಹಿಡಿದು ಸಸಿ ಕೀಳುವ ಹದಕ್ಕೆ ಬಂದದ್ದೇ ಎಲ್ಲರಿಗಿಂತ ಮೊದಲು ನನ್ನ ಗದ್ದೆಯ ನಾಟಿ ಆಯಿತು.

ಮುಂದಿನ ವರ್ಷ ಹೇಳೋಣ ಅಂದುಕೊಂಡೆ. ಮುಂದಿನ ವರ್ಷ ಬಂದಾಗ, ಹಿಂದಿನ ವರ್ಷ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಮೊದಲ ಸಲ ಕೊಡೆ ಹಿಡಿದು ಬದುವಿನ ಮೇಲೆ ಕೂತಾಗ ಮೈತುಂಬ ಮುಳ್ಳು ಚುಚ್ಚಿದಂತಾಗಿತ್ತು. ಎರಡನೆಯ ವರ್ಷ ಮುಳ್ಳು ಕಮ್ಮಿಯಾಯಿತು. ನಾಲ್ಕನೆಯ ವರ್ಷದ ಹೊತ್ತಿಗೆ ಅದೇ ಬದುವಿನ ಮೇಲೆ ಕೂತು, ನಮ್ಮ ವಾಡೆಯ ಹರೆಯದ ಲುಯಿಸ್ ಕಟ್ಟಿದ ಬದು ತೆಳುವಾಯಿತು, ಅವನ ಹೆಂಡತಿ ಮಾರ್ಗರೀಟಾ ಹಚ್ಚಿದ ಸಸಿಯ ಸಾಲು ಸೊಟ್ಟಗಾಯಿತು ಎಂದು ತಪ್ಪು ಹುಡುಕತೊಡಗಿದ್ದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನಮ್ಮಲ್ಲಿ ಕೆಸರು ಅವರ ಕೈಗೆ, ಮೊಸರು ನನ್ನ ಬಾಯಿಗೆ.

ನನ್ನ ಹೆಂಡತಿ ಅಗ್ನೆಸ್‌ಗೆ ಓದಲು ಬರುವುದಿಲ್ಲ. ಕಾಗದ ಅವಳ ಟ್ರಂಕಿನಲ್ಲೇ, ಅವಳ ಮದುವೆಯ ಸೀರೆಯ ಕೆಳಗೆ ಇತ್ತು. ವಾಡೆ ಮಾಫಿ ಮಾಡಿದ್ದನ್ನು ಅವಳು ಒಪ್ಪಲಿಲ್ಲ. "ಅವರು ನಮ್ಮ ಗದ್ದ್ಯಾಗ ಬಗ್ಗ್ಯಾರ. ನಾ ಮನ್ಯಾಗ ಹೆಂಗ ಕುಂದರ್ಲಿ?" ಎಂದು ತನ್ನ ಪಾಲಿನ ಮುಯ್ಯಿಗೂ ಹೋದಳು, ನನ್ನ ಪಾಲಿನ ಮುಯ್ಯಿಗೂ ಹೋದಳು. ಹನ್ನೊಂದು ಮಳೆಗಾಲದಲ್ಲಿ ಅವಳ ಸೊಂಟ ಬಾಗಿ ಹೋಯಿತು. ನಾಟಿಯ ದಿನಗಳಲ್ಲಿ ಸಂಜೆ ನಾನು ಅವಳ ಬೆನ್ನಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆ. ನಿಮ್ಮ ಕೈ ಮೆತ್ತಗ ಅದಾವ, ಹಿತ ಆಗತೈತಿ ಅನ್ನುತ್ತಿದ್ದಳು. ಅವಳ ಮುಖ ನನಗೆ ಕಾಣದಂತೆ, ನನ್ನ ಮುಖ ಅವಳಿಗೆ ಕಾಣದಂತೆ ಕೂತಿರುತ್ತಿದ್ದದ್ದೇ ಒಂದು ಪುಣ್ಯ.

ಎರಡು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗುತ್ತಿದ್ದೆ. ಅಲ್ಲಿನ ಡಾಕ್ಟರರು ಪ್ರತಿ ಸಲ, ಹೊಲದ ಕೆಲಸಾ ಮಾಡ್ತೀರಿಲ್ಲ ಎಂದು ಕೇಳುತ್ತಿದ್ದರು. ಮಾಡ್ತೇನ್ರಿ ಅನ್ನುತ್ತಿದ್ದೆ. ಜೊತೆಗೆ ಬರುತ್ತಿದ್ದ ನಬಿ ಹೊರಗೆ ಬೇವಿನ ಮರದ ಕೆಳಗೆ ಕೂತು ಬಸ್ಸಿನ ಹೊತ್ತು ನೋಡುತ್ತಿರುತ್ತಿದ್ದ. ಊರಿಗೊಂದು ಮಾತು, ಡಾಕ್ಟರಿಗೊಂದು ಮಾತು. ನಡುವೆ ಒಂದು ಗೋಡೆ ಇತ್ತು, ಅದು ಸಾಕಾಗಿತ್ತು.

ಕಳೆದ ವರ್ಷ, ಅಂದರೆ ಎಂಬತ್ತೈದರಲ್ಲಿ, ನನಗೆ ಮತ್ತೆ ಉಬ್ಬಸ ಶುರುವಾಯಿತು. ಹತ್ತು ಹೆಜ್ಜೆ ಏರು ಹತ್ತಿದರೆ ಉಸಿರು ಸಿಗದು. ಎದ್ದರೆ ಮೊಣಕಾಲು ಕಟಕಟ, ಕೂತರೆ ಸೊಂಟ ಹಿಡಿತ. ಗುಂಡು ಸವೆದಿದೆ ಎಂದೇ ನಂಬಿದೆ. ಗಳಿಗೆಗೊಮ್ಮೆ ಎದೆಯ ಮೇಲೆ ಕೈಯಿಟ್ಟು ಸದ್ದು ಬದಲಾಗಿದೆಯೇ ಎಂದು ಕೇಳುತ್ತ ಕೂತಿರುತ್ತಿದ್ದೆ. ಅಗ್ನೆಸ್ ನಬಿಗೆ ಹೇಳಿದಳು. ನಾಟಿಗೆ ಇನ್ನು ಹದಿನೈದು ದಿನವಿದ್ದಾಗ ನಬಿ ನನ್ನನ್ನು ಹುಬ್ಬಳ್ಳಿಗೆ ಹೊರಡಿಸಿದ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ನಾನು ಎರಡು ಕಡೆ ನಿಂತೆ. ಅವನು ರಟ್ಟೆ ಹಿಡಿದು ಒಳಗಿನವರೆಗೂ ಬಂದ, ಬೇಡವೆಂದರೂ ಬಿಡಲಿಲ್ಲ.

ಡಾಕ್ಟರರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಫೋಟೋ ತೆಗೆಸಿ ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟರು.

"ಕಾಯತಾನ, ನಿಮ್ಮ ವಾಲ್ವ್ ಭಾಳ ಛಲೋ ಐತ್ರಿ. ಅದಕ್ಕ ವಯಸ್ಸಾಗಿಲ್ಲ, ನಿಮಗ ಆಗೇತಿ." ನನ್ನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿದರು. "ಹೊಲಾ ಮಾಡ್ತೇನಿ ಅಂತಿದ್ರಿ. ಹೊಲಾ ಮಾಡೋರ ಕೈ ಹಿಂಗ ಇರ್ತಾವೇನು? ಮೊದಲಿನ ಕಾಗದದ ನಕಲ ನಮ್ಮ ಹತ್ರ ಐತಿ, ದೊಡ್ಡ ಡಾಕ್ಟರ ಬರದಾರ, ಕೆಲಸಾ ಮಾಡಬೇಕಂತ. ಮಾಡಿದ್ರ ಈ ವಯಸ್ಸಿನಾಗ ಇಷ್ಟು ಸೋಲ್ತಿರಲಿಲ್ಲ."

ನನ್ನ ಅಂಗೈ ಮೇಜಿನ ಮೇಲೆ ಹಾಗೇ ಇತ್ತು. ನಬಿ ಅದನ್ನೇ ನೋಡುತ್ತಿದ್ದ. ಡಾಕ್ಟರರು ಏನೋ ಬರೆಯಲು ಬಗ್ಗಿದವರು ಅವನ ಪಾದ ಕಂಡು ನಿಂತರು.

"ಯಜಮಾನ್ರ, ಕಾಲು ಯಾವಾಗಿಂದ ಬಾತಾವ್ರಿ?"

"ಕೆಸರಾಗ ನಿಂತು ನಿಂತು ಹಂಗ ಆಗ್ತಾವ್ರಿ," ಅಂದ ನಬಿ.

ಅವನನ್ನೂ ಮಲಗಿಸಿ ನೋಡಿದರು. ಹೃದಯ ದೊಡ್ಡದಾಗಿದೆ, ದಣಿದಿದೆ. ಗುಳಿಗೆ ಬರೆದು ಕೊಟ್ಟು, ಇನ್ನು ಸಲಿಕೆ ಮುಟ್ಟಬೇಡಿ, ಭಾರ ಎತ್ತಬೇಡಿ ಅಂದರು. ನಾನು ಅಂಗಳದಲ್ಲಿ ಸುಳ್ಳೇ ಓದಿದ ಮಾತು, ಹನ್ನೊಂದು ವರ್ಷಕ್ಕೆ ನಿಜವಾಗಿ, ಅವನ ತಲೆಯ ಮೇಲೆ ಬಂದು ಕೂತಿತ್ತು.

ಬಸ್ಸಿನಲ್ಲಿ ಧಾರವಾಡ ದಾಟುವವರೆಗೂ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಆಮೇಲೆ ತಲೆ ತಿರುಗಿಸದೆ ಕೇಳಿದ.

"ಆ ಕಾಗದದಾಗ ಹಂಗ ಬರದಿತ್ತೇನು?"

"ಬರದಿತ್ತು."

"ನೀ ಓದಿದ್ದಿ?"

"ಓದಿದ್ದೆ."

ಬೈದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹಳಿಯಾಳದಲ್ಲಿ ಇಳಿದಾಗ ಅವನು ಎಂದಿನಂತೆ ನನ್ನ ಚೀಲ ಹೊತ್ತುಕೊಂಡ. ಕೊಡು ಅಂದೆ. ಕೊಡಲಿಲ್ಲ.

ವಾಡೆಗೆ ಬಂದಾಗ ಜನ ಕಾಯುತ್ತಿದ್ದರು. ಏನಂದರು ಎಂದು ಅಗ್ನೆಸ್ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಬಿಯೇ ಹೇಳಿದ. "ಗಡಿಯಾರ ಛಲೋ ಐತಂತ. ಮೊದಲಿನಂಗ ಇರ್ಬೇಕಂತ, ಭಾರ ಎತ್ತಬಾರದಂತ." ತನ್ನ ವಿಷಯ ಎತ್ತಲೇ ಇಲ್ಲ. ಅವನ ಹೆಂಡತಿ ಅಮೀನಾಳಿಗೂ ಹೇಳಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಸುಳ್ಳು ಹೇಳಿ ಗೊತ್ತಿಲ್ಲದವನು ನನ್ನ ಮರ್ಯಾದೆ ಉಳಿಸಲು ಸುಳ್ಳು ಹೇಳಿದ. ಆ ಉಪಕಾರ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಪದ್ಧತಿಯಂತೆ ಮೊದಲು ನನ್ನ ಗದ್ದೆಯ ನಾಟಿ ಆಯಿತು. ನಬಿಯೂ ಬಂದಿದ್ದ. ಸಲಿಕೆ ಊರಿಕೊಂಡು ನಡುನಡುವೆ ನಿಲ್ಲುತ್ತಿದ್ದ. ನಾನು ಅವತ್ತೂ ಬಾಯಿ ಬಿಡಲಿಲ್ಲ. ಇಷ್ಟೆಲ್ಲ ಆದಮೇಲೂ ಇನ್ನೊಂದು ದಿನ ಕೊಡೆ ಹಿಡಿದು ಕೂತೆ ಎಂಬುದನ್ನು ಬರೆಯದೆ ಬಿಡಬಹುದಿತ್ತು. ಆದರೆ ಅರ್ಧ ಓದುವ ಚಟ ಇನ್ನು ಸಾಕು.

ಮರುದಿನ ನಬಿಯ ಗದ್ದೆ. ಮಳೆ ಸಣ್ಣಗೆ ಹಿಡಿದಿತ್ತು. ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು, ಗಂಡಸರು ಬದು ಕಟ್ಟುತ್ತಿದ್ದರು. ನಬಿ ಒಂದು ಸಲಿಕೆ ಕೆಸರೆತ್ತಿ ಬದುವಿಗೆ ಹಾಕಿ, ಕಣ್ಣು ಮುಚ್ಚಿ ನಿಂತ. ಅವನ ತುಟಿಯ ಬಣ್ಣ ಬದಲಾದದ್ದು ನನಗೆ ಕಂಡಿತು. ಹೃದಯ ಸೋತವನ ತುಟಿ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇವನು ಇದೇ ಕೆಸರಿನಲ್ಲಿ ಬೀಳುತ್ತಾನೆ, ನಾನು ಕೊಡೆಯ ಕೆಳಗೆ ಕೂತು ನೋಡುತ್ತೇನೆ ಅನ್ನಿಸಿತು. ಕೊಡೆ ಬದುವಿನ ಮೇಲೆ ಬಿಟ್ಟು ಗದ್ದೆಗೆ ಇಳಿದೆ.

"ಸಲಿಕಿ ಕೊಡು."

"ಬ್ಯಾಡ, ಹೋಗು," ಅಂದ ನಬಿ.

ಕಿತ್ತುಕೊಂಡೆ. ಅದನ್ನು ಕಂಡು ಲುಯಿಸ್ ಕೆಸರು ಹಾರಿಸುತ್ತ ಬಂದ. "ಮಾಮಾ, ಏನ್ ಮಾಡಾಕತ್ತೀರಿ? ಗಡಿಯಾರ ನಿಂತಗಿಂತ ಹೋದೀತು."

"ನಿಲ್ಲೂದಿಲ್ಲ. ನಾ ಕೆಲಸಾ ಮಾಡಬೇಕಂತ ಡಾಕ್ಟರ ಮೊದಲ ವರ್ಷನ ಬರದಿದ್ರು. ನಾ ನಿಮಗ ಅರ್ಧ ಓದಿ ಹೇಳಿದೆ. ಕೆಲಸಾ ಮಾಡಬಾರದವ ಇವ. ಇವನ ಹೃದಯ ಕೆಟ್ಟೈತಿ."

ಬಗ್ಗಿದವರೆಲ್ಲ ಎದ್ದು ನಿಂತರು. ಅಮೀನಾ ಗಂಡನ ಬಾತ ಕಾಲು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತು.

"ನೋಡ್ರೆ ನಮ್ಮವ್ವ," ಅಂದಳು ಉಳಿದವರಿಗೆ. "ದೋಸ್ತ ಸುಮ್ನ ಕುಂದರ್ಲಿ ಅಂತ ತನ್ನ ಮ್ಯಾಲ ಸುಳ್ಳು ಹಾಕ್ಕೊಳ್ಳಾಕತ್ತಾನ. ಎಂಥಾ ದೊಡ್ಡ ಮನಸ್ಸು."

ಹೌದು ಹೌದು ಎಂದು ತಲೆಗಳು ಅಲುಗಿದವು. ಲುಯಿಸ್ ನನ್ನ ಕೈಯಿಂದ ಸಲಿಕೆ ಮೆಲ್ಲಗೆ ಬಿಡಿಸಿಕೊಳ್ಳಲು ಬಂದ. ಜೀವಮಾನದಲ್ಲಿ ಹೇಳಿದ ಒಂದು ದೊಡ್ಡ ಸತ್ಯ, ಅದನ್ನು ಯಾರೂ ನಂಬಲಿಲ್ಲ. ಮುಖಕ್ಕೆ ಕೆಸರು ಎರಚಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಸುಮ್ಮನಿದ್ದರೂ ಆಗುತ್ತಿತ್ತು. ಕಳ್ಳನಿಗೆ ಊರೇ ಹಾರ ಹಾಕುತ್ತಿತ್ತು, ಕೊರಳು ಬಗ್ಗಿಸಿದರೆ ಮುಗಿಯಿತು. ಒಂದು ಗಳಿಗೆ ಬಗ್ಗಿಸುವ ಮನಸ್ಸೂ ಆಯಿತು.

"ನಬಿ," ಅಂದೆ. "ನೀ ಹೇಳು. ನಿನ್ನ ಮಾತು ನಂಬ್ತಾರ."

ಅವನು ನನ್ನ ಮುಖ ನೋಡುತ್ತ ನಿಂತ. ಹಾಗೆ ಅವನು ನನ್ನನ್ನು ಹಿಂದೆ ಯಾವತ್ತೂ ನೋಡಿರಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಖರೆ ಐತಿ. ಡಾಕ್ಟರ ನನ್ನ ಮುಂದ ಹೇಳ್ಯಾರ. ಮೊದಲಿಂದ ಕೆಲಸಾ ಮಾಡಬೌದಿತ್ತಂತ ಇವ."

ಸಣ್ಣ ಮಳೆಗೆ ಸದ್ದಿರಲಿಲ್ಲ. ಟಿಕ್, ಟಿಕ್, ಟಿಕ್. ಹನ್ನೊಂದು ವರ್ಷ ಪಾಪ ಪಾಪ ಎಂದು ಕೇಳಿಸಿಕೊಂಡ ಸದ್ದನ್ನು ಅವರು ಈಗ ಬೇರೆ ಕಿವಿಯಿಂದ ಕೇಳುತ್ತಿದ್ದರು. ಅಮೀನಾ ಕಣ್ಣೊರೆಸಿಕೊಂಡು ಗಂಡನ ರಟ್ಟೆ ಹಿಡಿದು ಬದುವಿನ ಕಡೆ ನಡೆಸಿದಳು. ನಾನು ಬಿಟ್ಟ ಕೊಡೆಯ ಕೆಳಗೆ ಅವನನ್ನು ಕೂರಿಸಿದಳು.

ಉಳಿದವರು ಮತ್ತೆ ಒಬ್ಬೊಬ್ಬರಾಗಿ ಬಗ್ಗಿದರು. ನಾನು ಸಲಿಕೆ ಎತ್ತಿ ಕೆಸರು ತೆಗೆದೆ. ಹನ್ನೆರಡನೆಯ ಸಲಿಕೆಯ ಕೆಸರು ಬದು ಮುಟ್ಟುವ ಮೊದಲೇ ಬಿತ್ತು, ಮೇಲುಸಿರು ಬಂತು. ಗುಂಡಿನ ತಪ್ಪಲ್ಲ, ಅದು ಗಟ್ಟಿಯಾಗಿ ಬಡಿಯುತ್ತಿತ್ತು. ಐವತ್ತೇಳು ವರ್ಷದ ಮೈ, ಅದರಲ್ಲಿ ಹನ್ನೊಂದು ವರ್ಷ ಕೂತು ತಿಂದ ಮೈ. ಕೊಡಬಹುದಾಗಿದ್ದಾಗ ಕೊಡಲಿಲ್ಲ, ಕೊಡಲು ನಿಂತಾಗ ಕೈಯಲ್ಲಿ ಏನೂ ಉಳಿದಿರಲಿಲ್ಲ. ಲುಯಿಸ್ ಬಂದು ಸಲಿಕೆ ತೆಗೆದುಕೊಂಡ. ಈ ಸಲ ಮಾಮಾ ಅನ್ನಲಿಲ್ಲ.

ಮಾರ್ಗರೀಟಾ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಸಾಲಿನಲ್ಲಿ ಜಾಗ ಮಾಡಿದಳು, ಒಂದು ಹಿಡಿ ಸಸಿ ನನ್ನ ಮುಂದೆ ಹಾಕಿದಳು. ಗಂಡಸರು ಸಸಿ ಹಚ್ಚುವುದು ನಮ್ಮಲ್ಲಿಲ್ಲ. ಹಚ್ಚಿದೆ. ಎಡಕ್ಕೆ ಅಗ್ನೆಸ್ ಇದ್ದಳು. ಅರ್ಧ ಸಾಲು ಮುಗಿದ ಮೇಲೆ ಬಗ್ಗಿದಲ್ಲಿಂದಲೇ ಹೇಳಿದಳು.

"ಬೆನ್ನಿಗಿ ಎಣ್ಣಿ ಹಚ್ಚುವಾಗರ ಹೇಳಬೌದಿತ್ತು ನೀವು."

ನಾನು ಕೈಯಲ್ಲಿದ್ದ ಸಸಿ ಹಚ್ಚಿದೆ, ಮುಂದಿನದಕ್ಕೆ ಬಗ್ಗಿದೆ.

ಮಧ್ಯಾಹ್ನದ ಗಂಜಿಯ ಹೊತ್ತಿಗೆ ಅವರೆಲ್ಲ ಗದ್ದೆಯ ಆಚೆ ತುದಿ ಮುಟ್ಟಿದ್ದರು. ನಾನು ಒಂದೂವರೆ ಸಾಲು ಹಚ್ಚಿದ್ದೆ. ನನ್ನ ಸಾಲು ಸೊಟ್ಟಗಿತ್ತು. ಮಾರ್ಗರೀಟಾ ಅದನ್ನು ನೋಡಿದಳು. ಬಗ್ಗಿ ಎರಡು ಸಸಿ ಸರಿಮಾಡಿ ಹೋದಳು.

ಬದುವಿನ ಮೇಲೆ ಬಂದು ಕೂತಾಗ ಮೀನಖಂಡದಲ್ಲಿ ಒಂದು ಜಿಗಣೆ ಕಚ್ಚಿಕೊಂಡಿತ್ತು. ಕಿತ್ತೆ. ರಕ್ತ ಇಳಿಯತೊಡಗಿತು, ನನ್ನ ರಕ್ತದ ಗುಣ ಗೊತ್ತಲ್ಲ, ಮಳೆಯ ನೀರಿನ ಜೊತೆ ಕೂಡಿ ಹಿಮ್ಮಡಿಯವರೆಗೂ ಹರಿಯಿತು. ಕೊಡೆಯ ಕೆಳಗಿದ್ದ ನಬಿ ಕಂಡ. ಎಲೆಯಡಿಕೆಯ ಚೀಲ ತೆಗೆದು, ಕೂತಲ್ಲಿಂದಲೇ ಸರಿದು ಬಂದ. ಡಬ್ಬಿಯಿಂದ ಸುಣ್ಣ ತೆಗೆದು ಗಾಯಕ್ಕೆ ಹಚ್ಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದ.

ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ. ಹನ್ನೊಂದು ವರ್ಷ, ಪ್ರತಿ ಸಲವೂ ಹೇಳಿದ ಮಾತು. ಹಗೂರ ಮಾರಾಯಾ, ನಂದ ರಕ್ತ ಅದು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಅವನು ರಕ್ತ ನಿಲ್ಲುವವರೆಗೂ ಬೆರಳು ತೆಗೆಯಲಿಲ್ಲ. ಆ ಮಾತನ್ನು ಹೇಳಲೂ ಇಲ್ಲ.

ಬೆರಳು ಮಳೆಯಲ್ಲಿ ತೊಳೆದುಕೊಂಡು ಡಬ್ಬಿ ಮುಚ್ಚಿದ.

"ನಾಳೆ ಲುಯಿಸ್‌ನ ಗದ್ದಿ," ಅಂದ. "ಹೊತ್ತೇರೂದ್ರೊಳಗ ಬಾ."

"ಬರ್ತೇನಿ," ಅಂದೆ.